ಒಂಬತ್ತನೇ ಹೆಬ್ಬಾತಿನ ಹಾಳೆ

ನಿದ್ರಾ ಸಂಶೋಧನಾ ವಿಭಾಗ, ಪ್ರಾಣಿಶಾಸ್ತ್ರ ಭವನ
14 ಅಕ್ಟೋಬರ್ 1986

ಪ್ರಿಯ ಬೌಕ್ಯೆ,

ಲಕೋಟೆಯ ಹಿಂದೆ ನನ್ನ ಹೆಸರು ನೋಡಿಯೂ ನೀನು ಇದನ್ನು ಒಲೆಗೆ ಹಾಕಿರಲಾರೆ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ಹನ್ನೊಂದು ವರ್ಷದ ಮೇಲೆ ಬರೆಯುವವಳು ಎಲ್ಲಿಂದ ಶುರುಮಾಡಬೇಕೋ ತಿಳಿಯದು. ಹವೆಯಿಂದ ಶುರುಮಾಡೋಣವೆಂದರೆ ಇಲ್ಲಿ ಗಾಳಿ, ನಿಮ್ಮ ದ್ವೀಪದಲ್ಲಿ ಇದಕ್ಕಿಂತ ಹೆಚ್ಚು ಗಾಳಿ. ಅಲ್ಲಿಗೆ ಆ ಮಾತು ಮುಗಿಯಿತು.

ವಿಭಾಗ ನೀನು ಬಿಟ್ಟುಹೋದ ಹಾಗೇ ಇದೆ. ಪ್ರೊಫೆಸರ್ ಬುಲೆಮಾ ಅವರ ತಲೆ ಪೂರ್ತಿ ಬೆಳ್ಳಗಾಗಿದೆ. ಹಕ್ಕಿಗಳನ್ನು ನೋಡಿಕೊಳ್ಳುವ ಎಪ್ಪೊ ಇವತ್ತಿಗೂ ಹೆಬ್ಬಾತುಗಳ ಜೊತೆ ಜಗಳವಾಡುತ್ತಾನೆ, ಇವತ್ತಿಗೂ ಸೋಲುತ್ತಾನೆ. ಹೆಬ್ಬಾತಿನ ತಲೆಗೆ ತಂತಿ, ತಂತಿಯ ತುದಿಗೆ ಶಾಯಿಯ ಮುಳ್ಳು, ಅರ್ಧ ನಿಮಿಷಕ್ಕೊಂದು ಪುಟ, ಒಂದು ದಿನಕ್ಕೆ ಎರಡು ಸಾವಿರದ ಎಂಟುನೂರ ಎಂಬತ್ತು ಪುಟ. ಪುಟದ ಅಲೆ ನೋಡಿ, ಹಕ್ಕಿ ಎಚ್ಚರವಿತ್ತೋ ನಿದ್ದೆಯಲ್ಲಿತ್ತೋ ಕನಸು ಕಾಣುತ್ತಿತ್ತೋ ಎಂದು ಚೌಕದ ಹಾಳೆಯ ಮನೆಯಲ್ಲಿ ಒಂದಕ್ಷರ ಬರೆಯುವುದು. ಅದೇ ಕೆಲಸ. ಇಬ್ಬರು ಓದುವುದು, ಒಬ್ಬರ ಹಾಳೆ ಒಬ್ಬರು ನೋಡದಿರುವುದು, ಎರಡೂ ಹಾಳೆ ಪ್ರೊಫೆಸರರ ಕೈ ಸೇರುವ ತನಕ ಆ ಹಕ್ಕಿಯ ಬಗ್ಗೆ ತುಟಿ ಬಿಚ್ಚದಿರುವುದು, ಆ ನಿಯಮವೂ ಹಾಗೇ ಇದೆ. ನಮ್ಮಿಬ್ಬರ ಮೇಜುಗಳ ನಡುವಿನ ಹಲಗೆಯ ಮರೆಯನ್ನೂ ಯಾರೂ ತೆಗೆದಿಲ್ಲ.

ನಿನ್ನ ಮೇಜಿನಲ್ಲಿ ಈಗ ನಿಂಕೆ ಎಂಬ ಹುಡುಗಿ ಕೂರುತ್ತಾಳೆ. ಡಾಕ್ಟರೇಟ್ ಮಾಡುತ್ತಿದ್ದಾಳೆ. ಹೆಬ್ಬಾತು ಚಳಿಗಾಲಕ್ಕಿಂತ ಬೇಸಿಗೆಯಲ್ಲಿ ಎಷ್ಟು ಕಡಿಮೆ ಮಲಗುತ್ತದೆ ಎಂಬುದು ಅವಳ ವಿಷಯ. ಅದಕ್ಕಾಗಿ ನಮ್ಮ ಕಾಲದ ಹದಿನಾಲ್ಕು ಹೆಬ್ಬಾತುಗಳ ಪೆಟ್ಟಿಗೆಗಳನ್ನು ಬೀರುವಿನಿಂದ ಇಳಿಸಿಕೊಂಡಿದ್ದಾಳೆ.

ಒಂದು ಸಣ್ಣ ಉಪಕಾರವಾಗಬೇಕಿತ್ತು. ಯಾವ ದಿನ ಎಷ್ಟನೇ ಪುಟದಿಂದ ಎಷ್ಟರ ತನಕ ಓದಿದೆ ಎಂದು ನೀನು ನೀಲಿ ರಟ್ಟಿನ ಪುಸ್ತಕವೊಂದರಲ್ಲಿ ಬರೆದಿಡುತ್ತಿದ್ದೆ. ಅದು ನಿನ್ನ ಬಳಿ ಇನ್ನೂ ಇದ್ದರೆ ನನ್ನ ಹೆಸರಿಗೆ, ಮನೆಯ ವಿಳಾಸಕ್ಕೆ ಕಳಿಸುತ್ತೀಯಾ? ಒಂಬತ್ತನೇ ಹೆಬ್ಬಾತಿನದು ಸ್ವಲ್ಪ ನೋಡಬೇಕಾಗಿದೆ.

ನಿನ್ನ ಗಂಡ ಸೀಬೆ ಚೆನ್ನಾಗಿದ್ದಾನೆಂದುಕೊಂಡಿದ್ದೇನೆ.

ನಿನ್ನ,
ಗೇಸ್ಕೆ


ಟೆರ್ಸ್ಕೆಲಿಂಗ್ ದ್ವೀಪ
27 ಅಕ್ಟೋಬರ್ 1986

ಗೇಸ್ಕೆ,

ನಿನ್ನ ಕಾಗದ ಒಲೆಗೆ ಹೋಗಿಲ್ಲ. ಸೀಬೆ ಹಡಗಿನಿಂದ ತಂದು ಮೇಜಿನ ಮೇಲಿಟ್ಟು, "ಇದು ನಾನಂದ್ಕೊಂಡಿರೋ ಗೇಸ್ಕೇನೇನಾ?" ಎಂದು ಕೇಳಿದ. "ಬೇರೆ ಗೇಸ್ಕೆ ಯಾರೂ ನಂಗೆ ಗೊತ್ತಿಲ್ಲ" ಎಂದೆ. ಮೂರು ದಿನ ಅಲ್ಲೇ ಇತ್ತು, ಆಮೇಲೆ ಒಡೆದೆ.

ನಾನು ಹಣ್ಣಿನ ಕೊಟ್ಟಿಗೆಯಲ್ಲಿ ಕೆಲಸ ಮಾಡುತ್ತೇನೆ. ಕ್ರ್ಯಾನ್‌ಬೆರಿ ಆರಿಸುವುದು, ಒಳ್ಳೆಯದು ಈ ಕಡೆ, ಕೊಳೆತದ್ದು ಆ ಕಡೆ. ಅಲ್ಲಿ ಎರಡನೆಯವರು ಬಂದು ನೋಡುವ ಪದ್ಧತಿ ಇಲ್ಲ. ನಾನು ಕೊಳೆತದ್ದು ಎಂದರೆ ಅದು ಕೊಳೆತದ್ದೇ.

ಕಾಡು ಹೆಬ್ಬಾತುಗಳು ಈ ಸಲ ಒಂಬತ್ತನೇ ತಾರೀಖು ಬಂದವು.

ನೀಲಿ ಪುಸ್ತಕ ಇದೆ. ಹಿಂದಿನ ಪುಟಗಳಲ್ಲಿ ಹಣ್ಣಿನ ಜಾಮ್ ಮಾಡುವ ಅಳತೆ ಬರೆದುಕೊಂಡಿದ್ದೇನೆ. ಕಳಿಸುವ ಮೊದಲು ಒಂದು ಮಾತು ಕೇಳಬೇಕು. ನನ್ನ ಹಾಳೆಗಳನ್ನೆಲ್ಲ ನಂಬಬಾರದವು ಎಂದು ಬದಿಗಿಟ್ಟಿರಲ್ಲ, ಈಗ ನನ್ನ ಪುಸ್ತಕ ಯಾಕೆ ಬೇಕು? ಅದೂ ಆ ಹುಡುಗಿಗಲ್ಲ, ನಿನಗೆ? ಅದೂ ವಿಭಾಗಕ್ಕಲ್ಲ, ಮನೆಗೆ?

ಬೌಕ್ಯೆ


ನಿದ್ರಾ ಸಂಶೋಧನಾ ವಿಭಾಗ
1 ಡಿಸೆಂಬರ್ 1986

ಪ್ರಿಯ ಬೌಕ್ಯೆ,

ಉತ್ತರ ತಡವಾಯಿತು. ನವೆಂಬರ್ ಇಡೀ ತಂತಿ ಕೆಟ್ಟಿತ್ತು, ಶಾಯಿ ಕಟ್ಟಿತ್ತು ಎಂದೆಲ್ಲ ಬರೆಯಬಹುದು. ನಿಜ ಏನೆಂದರೆ ನಾಲ್ಕು ಸಲ ಬರೆದು ಹರಿದೆ.

ನಿಂಕೆಯ ವಿಷಯ ಕೇಳಿದೆಯಲ್ಲ, ಹೇಳುತ್ತೇನೆ. ಒಂಬತ್ತನೇ ಪೆಟ್ಟಿಗೆಯಲ್ಲಿ ಎರಡು ಹಾಳೆ ಇದ್ದವು, ಒಂದರ ಮೇಲೆ 'ಎ', ಒಂದರ ಮೇಲೆ 'ಬಿ'. ಜೊತೆಗೆ ಪ್ರೊಫೆಸರರ ಕೈಬರಹದ ಚೀಟಿ: 'ಬಿ, ಎ ಯ ಹಾಳೆ ನೋಡಿ ಬರೆದಿದ್ದಾರೆ. ಬಿ ಯ ಹದಿನಾಲ್ಕು ಹಾಳೆಗಳನ್ನೂ ಬಿಡತಕ್ಕದ್ದು.' ಆ ಚೀಟಿ ಅವಳಿಗೆ ಸರಿಹೋಗಲಿಲ್ಲ. ಒಂದು ಬೆಳಿಗ್ಗೆ ಹಲಗೆಯ ಮೇಲಿಂದ ಕತ್ತು ಚಾಚಿದಳು.

"ಗೇಸ್ಕೆ ಅವ್ರೇ, ಈ ಬಿ ಯಾರು?"

"ಹಳೇ ಕಾಲದವರು. ಬಿಟ್ಟುಹೋದ್ರು."

"ಮೋಸ ಮಾಡೋಕೂ ಸರಿಯಾಗಿ ಬರ್ತಿರಲಿಲ್ಲ ಬಿಡಿ ಇವ್ರಿಗೆ. ನಾನು ಇಡೀ ಪೆಟ್ಟಿಗೆ ಹೊಸದಾಗಿ ಓದಿದೆ. ಎ, ಬಿ ಇಬ್ಬರ ಹಾಳೇಲೂ ಒಂದೇ ಕಡೆ ಒಂದು ಮನೆ ಜಾರಿದೆ. ಸಾವಿರದ ನೂರ ನಲವತ್ತೇಳನೇ ಪುಟಾನ ಎರಡು ಸಲ ಓದಿದಾರೆ. ಸಾವಿರದ ಇನ್ನೂರನೇ ಪುಟದಲ್ಲಿ ದೀಪ ಆರಿದ ಗುರುತು ಇಬ್ಬರ ಹಾಳೇಲೂ ಒಂದು ಮನೆ ಮುಂದೆ ಇದೆ. ಒಬ್ಬರು ಇನ್ನೊಬ್ಬರದು ನೋಡಿ ಬರೆದಿರೋದು ನಿಜ."

"ಮತ್ತೇನು."

"ಯಾರು ಯಾರದ್ದನ್ನ, ಅದು ಪ್ರಶ್ನೆ. ಎರಡೂ ಹಾಳೆ ಬೇರೆಯಾಗೋದು ನೂರ ಹದಿನೈದು ಕಡೆ. ಅದ್ರಲ್ಲಿ ನೂರ ಒಂಬತ್ತು ಕಡೆ ಬಿ ಬರೆದಿರೋದೇ ಸರಿ. ನಕಲು ಮಾಡೋರು ಪುಟಾನೇ ನೋಡದೆ, ಮೊದಲು ಬರೆದವರಿಗಿಂತ ಸರಿಯಾಗಿ ಹೇಗೆ ಬರೀತಾರೆ?"

ನಾನು ಪೆನ್ಸಿಲ್ ಚೂಪು ಮಾಡುತ್ತಿದ್ದೆ. ಪೂರ್ತಿ ಚೂಪಾಗುವ ತನಕ ಮಾಡಿ, ಅವಳದ್ದನ್ನೂ ಇಸಿದುಕೊಂಡು ಮಾಡಿಕೊಟ್ಟೆ. ಬಿ ಯಾವಾಗ ಓದಿದರೆಂಬ ದಾಖಲೆ ಸಿಕ್ಕರೆ ಎಲ್ಲ ಗೊತ್ತಾಗುತ್ತದೆ ಎಂದಳು.

ಅದಕ್ಕೇ ಪುಸ್ತಕ ಕೇಳಿದೆ. ಬೇರೇನಿಲ್ಲ.

ಸಂತ ನಿಕೊಲಾಸರ ಹಬ್ಬ ಬಂತು, ಎಲ್ಲರೂ ಕೊಡುವ ಹಾಗೆ ನಿನಗೊಂದು ಅಕ್ಷರದ ಆಕಾರದ ಚಾಕೊಲೇಟ್ ಕಳಿಸುತ್ತಿದ್ದೇನೆ. ಹಾಲಿಲ್ಲದ ಕಪ್ಪನೆಯದು, ನೀನು ತಿನ್ನುತ್ತಿದ್ದಂಥದ್ದು.

ನಿನ್ನ,
ಗೇಸ್ಕೆ


ಟೆರ್ಸ್ಕೆಲಿಂಗ್
12 ಡಿಸೆಂಬರ್ 1986

ಗೇಸ್ಕೆ,

ಚಾಕೊಲೇಟ್ ತಲುಪಿತು. ಬಿ ಅಕ್ಷರ ಕಳಿಸಿದ್ದೀಯ. ನನ್ನ ಹೆಸರಿನದೋ, ನಿಮ್ಮ ಬೀರುವಿನದೋ? ಪಕ್ಕದ ಮನೆಯ ಮಕ್ಕಳಿಗೆ ಕೊಟ್ಟೆ. ಅವರಲ್ಲಿ ಒಬ್ಬನ ಹೆಸರೂ ಬಿ ಯಿಂದ ಶುರುವಾಗುವುದಿಲ್ಲ, ಆದರೂ ತಿಂದರು.

ಪುಸ್ತಕ ಕಳಿಸುವುದಿಲ್ಲ.

ಒಮ್ಮೆ ಪುಟ ಎಣಿಸುವುದರಲ್ಲಿ ತಪ್ಪಿದೆ, ಒಪ್ಪುತ್ತೇನೆ. ಹತ್ತು ಗಂಟೆಯ ಕಾಫಿಗೆ ಎದ್ದು ಹೋದೆ, ವಾಪಸು ಬಂದು ಅದೇ ಪುಟವನ್ನು ಇನ್ನೊಂದು ಸಲ ಓದಿದೆ. ಆ ಹುಡುಗಿ ಜಾಣೆ, ಸರಿಯಾಗಿ ಹಿಡಿದಿದ್ದಾಳೆ. ಆದರೆ ಎರಡರ ತನಕ ಎಣಿಸುವುದರಲ್ಲಿ ನಾನು ಯಾವತ್ತೂ ತಪ್ಪಿಲ್ಲ. ಆ ಕೋಣೆಯಲ್ಲಿ ಇಬ್ಬರಿದ್ದೆವು. ಅವರಲ್ಲಿ ಒಬ್ಬಳು ನಾನು.

ಬೌಕ್ಯೆ


4 ಜನವರಿ 1987, ಮನೆಯಿಂದ

ಬೌಕ್ಯೆ,

ಹೊಸ ವರ್ಷದ ಮಾತೆಲ್ಲ ಆಮೇಲೆ. ಮೊದಲು ಇದನ್ನು ಬರೆದುಬಿಡುತ್ತೇನೆ, ಇಲ್ಲದಿದ್ದರೆ ಐದನೇ ಸಲವೂ ಹರಿಯುತ್ತೇನೆ.

ಎಪ್ಪತ್ತೈದರ ಜೂನ್ ಹತ್ತೊಂಬತ್ತು, ಗುರುವಾರ, ನೀನು ಒಂಬತ್ತನೇ ಹೆಬ್ಬಾತು ಮುಗಿಸಿ ಹಾಳೆಯನ್ನು ಖಾನೆಯಲ್ಲಿಟ್ಟು ಹೋದೆ. ಮಾರನೆಯ ಬೆಳಗಿನ ಹಡಗಿಗೆ ನಿನ್ನ ತಂಗಿಯ ಮದುವೆಗೆ ಹೊರಟವಳು. ಮದುವೆಯ ಸಲುವಾಗಿ ನಿನಗೆ ಸೋಮವಾರದ ತನಕ ಬಿಡುವು ಸಿಕ್ಕಿತ್ತು, ನನ್ನದು ಶುಕ್ರವಾರ ಸಂಜೆಯೊಳಗೆ ಕೊಡಬೇಕಿತ್ತು. ನಾನು ಮುನ್ನೂರು ಪುಟವನ್ನೂ ಓದಿರಲಿಲ್ಲ.

ಆ ವರ್ಷ ಅಮ್ಮ ನಮ್ಮ ಮನೆಯಲ್ಲಿದ್ದಳು, ನಿನಗೆ ಗೊತ್ತು. ಮರೆವು ಹೆಚ್ಚಾಗಿ, ಕೋಟು ಹಾಕಿಕೊಂಡು ಶಾಲೆಗೆ ಹೋಗಬೇಕೆಂದು ಬಾಗಿಲು ತೆಗೆಯುತ್ತಿದ್ದಳು. ಮೂರು ವಾರ ನಾನು ಸರಿಯಾಗಿ ಕಣ್ಣು ಮುಚ್ಚಿರಲಿಲ್ಲ. ಹೆಬ್ಬಾತಿನ ನಿದ್ದೆ ಓದುತ್ತ ಓದುತ್ತ ನಾನೇ ಪುಟದ ಮೇಲೆ ಗಲ್ಲವಿಟ್ಟು ಮಲಗಿಬಿಡುತ್ತಿದ್ದೆ. ಒಂದು ದಿನ ಎಪ್ಪೊ ನೋಡಿ, "ಗೇಸ್ಕೆ, ನಿನ್ನ ಕೆನ್ನೆ ಮೇಲೆ ಹೆಬ್ಬಾತು ಕನಸು ಕಾಣ್ತಾ ಇದೆ" ಎಂದ. ಶಾಯಿಯ ಅಲೆ ಅಚ್ಚಾಗಿತ್ತು. ನೀನೂ ನಕ್ಕಿದ್ದೆ.

ಶುಕ್ರವಾರ ನಿನ್ನ ಖಾನೆ ತೆಗೆದೆ. ಮುನ್ನೂರರಿಂದ ಕೊನೆಯವರೆಗೆ ನಿನ್ನದನ್ನೇ ಇಳಿಸಿಕೊಂಡೆ. ಇನ್ನೂ ಬರೆಯುತ್ತೇನೆ, ಕೇಳು. ತೀರ ಒಂದೇ ಆದರೆ ಅನುಮಾನ ಬರುತ್ತದೆಂದು ನೂರಕ್ಕೆ ನಾಲ್ಕು ಕಡೆ ಬೇಕೆಂದೇ ಬದಲಿಸಿದೆ. ಆ ನೂರ ಹದಿನೈದು ಮನೆಗಳಲ್ಲಿ ಹೆಚ್ಚಿನವು ಇವೇ. ಪುಟ ನೋಡದೆ ಬದಲಿಸಿದ್ದು, ಹಾಗಾಗಿ ಅಲ್ಲೆಲ್ಲ ನೀನೇ ಸರಿ. ದೀಪದ ಗುರುತು ಮಾತ್ರ ನಿನ್ನ ಹಾಳೆಯಲ್ಲಿದ್ದ ಮನೆಗೇ ಹಾಕಿದೆ.

ನಾನು ಶುಕ್ರವಾರ ಕೊಟ್ಟೆ, ನೀನು ಸೋಮವಾರ. ಎರಡೂ ಹಾಳೆಯಲ್ಲಿ ಒಂದೇ ಕಡೆ ಮನೆ ಜಾರಿದ್ದು ಕಂಡು, ತಡವಾಗಿ ಕೊಟ್ಟವಳೇ ನಕಲು ಮಾಡಿದವಳು ಎಂದು ಪ್ರೊಫೆಸರ್ ಲೆಕ್ಕ ಹಾಕಿದರು. ಮಂಗಳವಾರ ಕಾಫಿಯ ಹೊತ್ತಿಗೆ ಎಲ್ಲರೆದುರು ನಿನ್ನನ್ನು ಕೇಳಿದರು. ನೀನು ಇಲ್ಲ ಎಂದೆ. ಎರಡು ಸಲ ಹೇಳಿದೆ. ನನ್ನನ್ನು ನೋಡಿದೆ. ನಾನು ಏನೂ ಹೇಳಲಿಲ್ಲ.

ಅಕ್ಟೋಬರಿನಲ್ಲಿ ಪುಸ್ತಕ ಕೇಳಿದ್ದು ನಿಂಕೆಗಾಗಿ ಅಲ್ಲ. ಅವಳಿಗೆ ನಿನ್ನ ವಿಳಾಸ ಸಿಗುವ ಮೊದಲು ಅದು ನನ್ನ ಕೈ ಸೇರಲಿ ಎಂದು. ಅದನ್ನು ಏನು ಮಾಡಬೇಕೆಂದಿದ್ದೆ ಎಂದು ನೀನು ಕೇಳಬೇಡ, ಬೇರೆ ಯಾರೂ ಕೇಳದಿರಲಿ.

ಈ ಸೆಪ್ಟೆಂಬರಿನಲ್ಲಿ ನನಗೆ ನಿವೃತ್ತಿ. ಇಪ್ಪತ್ತೊಂದು ವರ್ಷ.

ಕೆಳಗೆ ಹೊಡೆದುಹಾಕಿದ ಸಾಲು ಕಾಣುತ್ತಿದೆಯಲ್ಲ, ಅಲ್ಲಿ ಒಂದು ಮಾತು ಕೇಳಿಕೊಂಡಿದ್ದೆ. ಓದಿ ನೋಡಿದರೆ ಬರೆಯುವವಳಿಗೇ ಅನುಕೂಲದ ಮಾತಾಗಿ ಕಂಡಿತು.

ಗೇಸ್ಕೆ


ಟೆರ್ಸ್ಕೆಲಿಂಗ್
2 ಫೆಬ್ರವರಿ 1987

ಗೇಸ್ಕೆ,

ಹಿಮಗಡ್ಡೆ ಕಟ್ಟಿ ಹತ್ತು ದಿನ ಹಡಗು ಸರಿಯಾಗಿ ಓಡಲಿಲ್ಲ. ಹಡಗು ಓಡಿದ್ದರೂ ನಾನು ಇದಕ್ಕಿಂತ ಮೊದಲು ಬರೆಯುತ್ತಿರಲಿಲ್ಲ.

ನಿನ್ನ ಕಾಗದ ನನಗೆ ಹೊಸ ಸುದ್ದಿಯಲ್ಲ. ಆ ಮಂಗಳವಾರವೇ ಗೊತ್ತಿತ್ತು. ನಿನ್ನ ಅಮ್ಮನ ವಿಷಯವೂ ಗೊತ್ತಿತ್ತು. ಎರಡು ಸಲ ನಾನೇ ಅವರನ್ನು ಟ್ರಾಮ್ ನಿಲ್ದಾಣದಿಂದ ಕೈ ಹಿಡಿದು ಮನೆಗೆ ಕರೆತಂದಿದ್ದೆ. 'ಬೌಕ್ಯೆ, ನಂಗೆ ಒಂದು ವಾರ ಕೊಡ್ಸೇ' ಎಂದಿದ್ದರೆ ಸಾಕಿತ್ತು. ಪ್ರೊಫೆಸರರ ಮುಂದೆ ನಾನೇ ಹೋಗಿ ನಿಲ್ಲುತ್ತಿದ್ದೆ, ನನಗೇ ಹೊಟ್ಟೆನೋವು ಎಂದು ಸುಳ್ಳು ಹೇಳುತ್ತಿದ್ದೆ.

ನಕಲು ಮಾಡಿದ್ದು ನನ್ನನ್ನು ಅಷ್ಟು ಸುಡಲಿಲ್ಲ. ನಾನು ಇಲ್ಲ ಎಂದಾಗ ನೀನು ಕಾಫಿಗೆ ಸಕ್ಕರೆ ಹಾಕಿ ಕಲಕುತ್ತಿದ್ದೆ. ನೀನು ಸಕ್ಕರೆ ಹಾಕಿಕೊಳ್ಳುವವಳೇ ಅಲ್ಲ.

ಇಲ್ಲಿ ಸೀಬೆಯ ಹೊರತು ಯಾರಿಗೂ ಹೇಳಿಲ್ಲ. 'ಯೂನಿವರ್ಸಿಟಿ ಕೆಲಸ ಬಿಟ್ಟು ಹಣ್ಣು ಆರಿಸೋಕೆ ಯಾಕಮ್ಮಾ ಬಂದೆ?' ಎಂದು ಕೇಳುವವರಿಗೆ, ಗಾಳಿ ಚೆನ್ನಾಗಿದೆ ಎನ್ನುತ್ತೇನೆ. ಈ ದ್ವೀಪದವರು ಗಾಳಿಯನ್ನು ಹೊಗಳಿದರೆ ಮುಂದೆ ಏನೂ ಕೇಳುವುದಿಲ್ಲ.

ನನಗೆ ಬರೆದದ್ದರಿಂದ ಏನೂ ಆಗಲಿಲ್ಲ, ಗೇಸ್ಕೆ. ಕೇಳಬೇಕಾದವಳು ನಾನಲ್ಲ. ಹತ್ತು ಗಂಟೆಯ ಕಾಫಿಗೆ, ಎಲ್ಲರೂ ಕೂತಿರುವಾಗ ಹೇಳು. ನನ್ನನ್ನು ಕೇಳಿದ್ದು ಅಲ್ಲಿ. ಪುಸ್ತಕವನ್ನು ಆ ಹುಡುಗಿಗೆ ನಾನೇ ಕಳಿಸಬಹುದು, ವಿಳಾಸ ನನಗೂ ಗೊತ್ತು. ಕಳಿಸಿದರೆ ಪುಸ್ತಕ ಹೇಳಿದ ಹಾಗಾಗುತ್ತದೆ. ನೀನು ಹೇಳಬೇಕು.

ಬೌಕ್ಯೆ


ನಿದ್ರಾ ಸಂಶೋಧನಾ ವಿಭಾಗ
9 ಮಾರ್ಚ್ 1987

ಪ್ರಿಯ ಬೌಕ್ಯೆ,

ಹೇಳಿದೆ.

ಒಂದೇ ಏಟಿಗೆ ಹೇಳಿದೆನೆಂದು ತಿಳಿಯಬೇಡ. ಮೊದಲ ಸಲ ಗಟ್ಟಿ ಮನಸ್ಸು ಮಾಡಿ ಹೋದರೆ ಎಪ್ಪೊನ ಹುಟ್ಟುಹಬ್ಬ. ಅವನೇ ಕೇಕು ತಂದಿದ್ದ, ಎಲ್ಲರೂ ಎಲ್ಲರ ಕೈ ಕುಲುಕಿ, 'ಎಪ್ಪೊ ಹುಟ್ಟಿದ್ದಕ್ಕೆ ನಿಮಗೂ ಅಭಿನಂದನೆ' ಎನ್ನುತ್ತಿದ್ದರು. ಆ ಗಲಾಟೆಯಲ್ಲಿ ನಾನೂ ಕೈ ಕುಲುಕಿ ಬಂದೆ. ಎರಡನೇ ಸಲ ಪ್ರೊಫೆಸರ್ ಅರ್ಧ ಲೋಟಕ್ಕೇ ಎದ್ದು ಸಭೆಗೆ ಹೋದರು. ಅವರು ಎದ್ದಾಗ ನನಗೆ ಖುಷಿಯಾಯಿತು. ಆ ಖುಷಿ ಕಂಡು ನನಗೇ ನಾಚಿಕೆಯಾಯಿತು.

ಮಂಗಳವಾರ, ಮೂರನೇ ತಾರೀಖು, ಬಿಸ್ಕತ್ತಿನ ಡಬ್ಬಿ ಒಂದು ಸುತ್ತು ಬಂದು ಮುಚ್ಚಿದ ಮೇಲೆ ಎದ್ದು ನಿಂತೆ. ಕೂತೇ ಹೇಳಬಹುದಿತ್ತು.

"ಪ್ರೊಫೆಸರ್, ಒಂಬತ್ತನೇ ಹೆಬ್ಬಾತಿನ ಹಾಳೆ ನಕಲು ಮಾಡಿದ್ದು ನಾನು."

"ಯಾವ ಒಂಬತ್ತನೇದು?"

"ಎಪ್ಪತ್ತೈದರ ಜೂನಿಂದು."

"ಆ ಕಚ್ಚೋ ಹೆಬ್ಬಾತಾ?" ಎಂದ ಎಪ್ಪೊ. "ನನ್ನ ಹೆಬ್ಬೆರಳಲ್ಲಿ ಇವತ್ತೂ ಗುರುತಿದೆ, ನೋಡಿ." ಬೆರಳೆತ್ತಿ ತೋರಿಸಿದವನು ಯಾರೂ ನಗದಿದ್ದನ್ನು ಕಂಡು ನಿಧಾನವಾಗಿ ಕೆಳಗಿಳಿಸಿದ.

ನಾನು ಎಲ್ಲ ಹೇಳಿದೆ. ಖಾನೆ, ಶುಕ್ರವಾರ, ನೂರ ಹದಿನೈದು ಮನೆ. ನಿನ್ನ ಪೂರ್ತಿ ಹೆಸರು ಹೇಳಿದೆ, ಬಿ ಎನ್ನಲಿಲ್ಲ.

ಪ್ರೊಫೆಸರ್ ಲೋಟವನ್ನು ಮೇಜಿನ ಮೇಲಿಟ್ಟರು. ಆಮೇಲೆ, "ಅವತ್ತು ನೀವು ಏನೂ ಹೇಳಲಿಲ್ಲ" ಎಂದರು.

"ನೀವು ನನ್ನನ್ನ ಕೇಳಲಿಲ್ಲ."

"ಹೌದು. ಕೇಳಲಿಲ್ಲ. ಇಬ್ಬರನ್ನೂ ಕೇಳಬೇಕಾಗಿತ್ತು. ಇಬ್ಬರಿಂದ ಓದಿಸೋದು ಅದಕ್ಕೇ ಅಂತ ಮೂವತ್ತು ವರ್ಷದಿಂದ ಪಾಠ ಮಾಡ್ತಾ ಇದೀನಿ."

ಅವರು ನನ್ನನ್ನು ಬೈಯಲಿಲ್ಲ. ಆದರೆ ನಿಯಮ ನಿಯಮವೇ. ನಿನಗೆ ಮಾಡಿದ್ದನ್ನೇ ನನಗೂ ಮಾಡಿದರು. ಇಪ್ಪತ್ತೊಂದು ವರ್ಷದ ನನ್ನ ಹಾಳೆಗಳೆಲ್ಲ, ಬೇರೊಬ್ಬರು ಪರೀಕ್ಷಿಸುವ ತನಕ, ಬೀರುವಿನ ಕೆಳಗಿನ ಖಾನೆಗೆ ಹೋದವು. ನಾನೇ ಹೊತ್ತು ಇಟ್ಟೆ. ಆರು ಸಲ ಓಡಾಡಬೇಕಾಯಿತು. ಕೊನೆಯ ಸಲ ಎಪ್ಪೊ ಬಂದು ಪೆಟ್ಟಿಗೆಯ ಇನ್ನೊಂದು ತುದಿ ಹಿಡಿದ.

ಕಷ್ಟವಾದದ್ದು ನಿಂಕೆಯದು. ಅವಳ ಪ್ರಬಂಧ ಒಂದು ವರ್ಷ ಹಿಂದೆ ಬಿತ್ತು. ಅವತ್ತು ಮಧ್ಯಾಹ್ನ ಅವಳು ಹಲಗೆಯ ಆಚೆಯಿಂದಲೇ ಮಾತಾಡಿದಳು, ಕತ್ತು ಚಾಚಲಿಲ್ಲ.

"ಅಂದ್ರೆ ನಿಮಗೆ ಮೊದಲಿಂದ ಗೊತ್ತಿತ್ತು. ನಾನು ಎದುರಿಗೇ ಕೂತು ತಲೆ ಕೆಡಿಸ್ಕೊಳ್ತಾ ಇದ್ದೆ. ನೀವು ನನ್ನ ಪೆನ್ಸಿಲ್ ಚೂಪು ಮಾಡಿಕೊಡ್ತಾ ಇದ್ರಿ."

"ಹೂಂ."

"ಇನ್ಮೇಲೆ ನನ್ನ ಪೆನ್ಸಿಲ್ ನಾನೇ ಮಾಡ್ಕೋತೀನಿ."

ಒಂದು ವಾರವಾಯಿತು, ಬೆಳಗಿನ ನಮಸ್ಕಾರ ಬಿಟ್ಟರೆ ಬೇರೆ ಮಾತಿಲ್ಲ. ನಿನ್ನ ವಿಳಾಸ ಕೇಳಿದಳು. ಕೊಟ್ಟೆ.

ಗೇಸ್ಕೆ


ನಿದ್ರಾ ಸಂಶೋಧನಾ ವಿಭಾಗ
20 ಮಾರ್ಚ್ 1987

ಮಾನ್ಯ ಬೌಕ್ಯೆ ಅವರಿಗೆ,

ನನ್ನ ಹೆಸರು ನಿಂಕೆ. ನಿಮ್ಮ ಮೇಜಿನಲ್ಲಿ ಕೂರುವವಳು. ನೀವು ಬರೆದ ಹದಿನಾಲ್ಕು ಹಾಳೆಗಳನ್ನೂ ಓದಿದ್ದೇನೆ. ನಿಮ್ಮ ಕೈಬರಹ ನನಗೆ ನನ್ನ ಅಕ್ಕನದಕ್ಕಿಂತ ಚೆನ್ನಾಗಿ ಗೊತ್ತು.

ಆ ಹಾಳೆಗಳನ್ನು ನನ್ನ ಪ್ರಬಂಧದಲ್ಲಿ ಬಳಸಬೇಕೆಂದಿದ್ದೇನೆ. ಪರೀಕ್ಷಕರು ಒಪ್ಪಬೇಕಾದರೆ ನೀವು ಒಂದು ಪೆಟ್ಟಿಗೆಯನ್ನಾದರೂ ಹೊಸದಾಗಿ ಓದಬೇಕು. ಗೇಸ್ಕೆ ಅವರೂ ಅದನ್ನೇ ಓದುತ್ತಾರೆ. ಅವರನ್ನೇ ಓದಿಸಬೇಕೆಂದು ಹಟ ಹಿಡಿದವಳು ನಾನು. ಪ್ರೊಫೆಸರರಿಗೆ ಮನಸ್ಸಿರಲಿಲ್ಲ. ನಂಬುವುದೋ ಬಿಡುವುದೋ ಎಂದು ನಾನು ತೀರ್ಮಾನ ಮಾಡಬೇಕಿಲ್ಲ, ಅಳತೆ ಮಾಡಿದರೆ ಗೊತ್ತಾಗುತ್ತದೆ.

ಒಂಬತ್ತನೇ ಹೆಬ್ಬಾತಿನ ಪುಟಗಳನ್ನು ನಕಲು ಯಂತ್ರದಲ್ಲಿ ಎರಡು ಪ್ರತಿ ಮಾಡಿದ್ದೇನೆ. ಒಂದನ್ನು ಶನಿವಾರದ ಹಡಗಿನಲ್ಲಿ ಕಳಿಸುತ್ತೇನೆ. ಭಾರವಿದೆ, ಯಾರಾದರೂ ಕೈಗಾಡಿ ತಂದರೆ ಒಳ್ಳೆಯದು. ನೀವಿಬ್ಬರೂ ಹಾಳೆಯನ್ನು ಅಂಟಿಸಿದ ಲಕೋಟೆಯಲ್ಲಿ ನನಗೇ ಕಳಿಸಬೇಕು. ಎರಡೂ ಬರುವ ತನಕ ನಿಮ್ಮ ನಡುವೆ ಪತ್ರವಿಲ್ಲ, ಫೋನಿಲ್ಲ. ದೊಡ್ಡವರಿಗೆ ಹೀಗೆ ಹೇಳುತ್ತಿದ್ದೇನೆ, ಬೇಸರಿಸಬೇಡಿ.

ಬೇಡವೆಂದರೆ ಪೆಟ್ಟಿಗೆಯನ್ನು ಅದೇ ಹಡಗಿನಲ್ಲಿ ತಿರುಗಿಸಿಬಿಡಿ. ನನಗೆ ಅರ್ಥವಾಗುತ್ತದೆ.

ವಂದನೆಗಳೊಂದಿಗೆ,
ನಿಂಕೆ


ನಿದ್ರಾ ಸಂಶೋಧನಾ ವಿಭಾಗ
18 ಮೇ 1987

ಪ್ರಿಯ ಬೌಕ್ಯೆ,

ಈಗ ಬರೆಯಬಹುದು ಎಂದು ಅಪ್ಪಣೆ ಸಿಕ್ಕಿದೆ.

ಪೆಟ್ಟಿಗೆ ವಾಪಸು ಬಂದೀತೆಂದು ನಾನು ಎರಡು ವಾರ ಬಾಗಿಲ ಕಡೆ ನೋಡುತ್ತಿದ್ದೆ. ಬರಲಿಲ್ಲ. ಬದಲಿಗೆ ಏಪ್ರಿಲ್ ಕೊನೆಗೆ ನಿನ್ನ ಲಕೋಟೆ ಬಂತು. ನನ್ನದು ಮುಗಿಯಲು ಇನ್ನೂ ಹತ್ತು ದಿನ ಹಿಡಿಯಿತು. ನಿನ್ನ ಲಕೋಟೆ ನಿಂಕೆಯ ಮೇಜಿನ ಮೇಲೆಯೇ ಇತ್ತು, ನನ್ನಿಂದ ಒಂದು ಮಾರು ದೂರ. ಅವಳು ಬೇಕೆಂದೇ ಇಟ್ಟಿದ್ದಳೆಂದು ನನ್ನ ಅನುಮಾನ. ಊಟಕ್ಕೆ ಹೋಗುವಾಗಲೂ ಬೀಗ ಹಾಕುತ್ತಿರಲಿಲ್ಲ. ನಾನು ಆ ಹೊತ್ತಿಗೆ ಎಪ್ಪೊನ ಜೊತೆ ಹೆಬ್ಬಾತುಗಳ ಅಂಗಳದಲ್ಲಿ ಹೋಗಿ ಕೂರುತ್ತಿದ್ದೆ.

ಶುಕ್ರವಾರ ಎರಡನ್ನೂ ಒಡೆದು ಮನೆಮನೆ ಹೋಲಿಸಿದಳು. ನೂರಕ್ಕೆ ಎಂಬತ್ತಾರು. ನಾನೂರ ಮೂರು ಕಡೆ ನಾವಿಬ್ಬರೂ ಬೇರೆ. ನನ್ನ ಮುಖ ಇಳಿದುಹೋಯಿತು, ನಮ್ಮ ಕಾಲದಲ್ಲಿ ತೊಂಬತ್ತೊಂದು ಬರುತ್ತಿತ್ತು. ಅವಳು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ನಗುತ್ತಿದ್ದಳು.

"ಎಂಬತ್ತಾರು ಅಂದ್ರೆ ಬಹಳ ಒಳ್ಳೇದು ಗೇಸ್ಕೆ ಅವ್ರೇ. ತೊಂಬತ್ತಾರು ಬಂದಿದ್ರೆ ನಾನು ಪೊಲೀಸರನ್ನ ಕರೀತಿದ್ದೆ."

ಬೇರೆಯಾದದ್ದರಲ್ಲಿ ಹೆಚ್ಚಿನವು ಹಕ್ಕಿ ಒಂದು ಕಣ್ಣು ತೆರೆದು ಕೂತಿದ್ದ ಹೊತ್ತಿನವು. ನೀನು ಅದನ್ನು ನಿದ್ದೆ ಎನ್ನುತ್ತೀಯ, ನಾನು ಎಚ್ಚರ ಎನ್ನುತ್ತೇನೆ. ಅದೇ ಒಂದು ಅಧ್ಯಾಯವಾಗುತ್ತದಂತೆ.

ಪ್ರಬಂಧದ ಜೊತೆ ಬಿಡಿ ಹಾಳೆಯಲ್ಲಿ ಹನ್ನೊಂದು ವಾದ ಅಚ್ಚು ಹಾಕಿಸುತ್ತಾರಲ್ಲ, ಕೊನೆಯದು ನಗಿಸುವಂತಿರಬೇಕು ಎಂಬ ಪದ್ಧತಿ. ಅವಳ ಹನ್ನೊಂದನೆಯದು ಈಗಾಗಲೇ ಸಿದ್ಧ: 'ಇಬ್ಬರು ಓದುಗರು ಪ್ರತಿ ಪುಟಕ್ಕೂ ಒಪ್ಪಿದರೆ, ಓದಿದವರು ಒಬ್ಬರೇ.' ಪ್ರೊಫೆಸರ್ ಓದಿ ನಗಲಿಲ್ಲ. ಆದರೆ ತೆಗೆಯಿರಿ ಎಂದೂ ಹೇಳಲಿಲ್ಲ. ಆ ಹಳೆಯ ಚೀಟಿಯನ್ನು ಅವರೇ ಪೆಟ್ಟಿಗೆಯಿಂದ ತೆಗೆದು ಕೋಟಿನ ಜೇಬಿಗೆ ಹಾಕಿಕೊಂಡರು. ನಿನಗೂ ಬರೆದಿದ್ದಾರೆಂದು ಕೇಳಿದೆ.

ಉಳಿದ ಹದಿಮೂರು ಹೆಬ್ಬಾತುಗಳನ್ನೂ ಹೊಸದಾಗಿ ಓದಿಸಲು ಒಪ್ಪಿಗೆ ಸಿಕ್ಕಿದೆ. ಪ್ರಬಂಧದಲ್ಲಿ ಎ, ಬಿ ಅಕ್ಷರವಿರುವುದಿಲ್ಲ, ನಮ್ಮ ಹೆಸರೇ ಇರುತ್ತದೆ. ಸೆಪ್ಟೆಂಬರ್ ಆದ ಮೇಲೆ ನಾನು ಮನೆಯಲ್ಲಿ ಕೂತು ಓದಬಹುದೆಂದು ನಿಂಕೆ ಹೇಳಿದಳು. ಎರಡನೆಯವಳು ಯಾರೆಂದು ಅವಳು ಹೇಳಲಿಲ್ಲ, ಅದನ್ನು ನೀವೇ ಕೇಳಿ ಎಂದಳು. ಕೇಳುತ್ತಿದ್ದೇನೆ.

ಗೇಸ್ಕೆ


ಟೆರ್ಸ್ಕೆಲಿಂಗ್
26 ಮೇ 1987

ಪ್ರಿಯ ಗೇಸ್ಕೆ,

ಪ್ರೊಫೆಸರರ ಪತ್ರ ಬಂತು. ಮೂರೇ ಸಾಲು, ಒಂದೂ ಹೆಚ್ಚಿಗೆಯಲ್ಲ. ಸೀಬೆ ಅದನ್ನು ಚೌಕಟ್ಟು ಹಾಕಿಸೋಣ ಎಂದ. ಹುಚ್ಚಾ ನಿನಗೆ ಎಂದು ಬೈದು ಖಾನೆಯಲ್ಲಿಟ್ಟೆ. ಆಗಾಗ ತೆಗೆದು ನೋಡುತ್ತೇನೆ.

ಅಡುಗೆಮನೆಯ ಮೇಜಿನ ತುಂಬ ಹೆಬ್ಬಾತು ಹರಡಿಕೊಂಡು ಮೂರು ವಾರ ಓದಿದೆ. ಸೀಬೆ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡ. "ಇನ್ನೂ ಎದ್ದಿಲ್ವಾ ನಿನ್ನ ಹಕ್ಕಿ?" ಎಂದು ದಿನಾ ಕೇಳುತ್ತಿದ್ದ. ಕಾಫಿಗೆ ಏಳುವಾಗ ಪುಟದ ಮೇಲೆ ಚಮಚ ಇಟ್ಟು ಎದ್ದೆ. ಮೊದಲ ದಿನ ಕಣ್ಣಿಗೆ ಬರೀ ಗೀಟು ಕಂಡಿತು. ಮೂರನೇ ದಿನದ ಹೊತ್ತಿಗೆ ಅಲೆ ದೊಡ್ಡದಾಗುವ ಮೊದಲೇ, ಇದು ಈಗ ಮಲಗುತ್ತದೆ ಎಂದು ಕೈಗೆ ತಿಳಿಯತೊಡಗಿತು. ಹಣ್ಣು ಆರಿಸುವಾಗ ಹಾಗೆ ಯಾವತ್ತೂ ಆಗಿರಲಿಲ್ಲ.

ಒಂದು ಕಣ್ಣು ತೆರೆದದ್ದು ನಿದ್ದೆಯೇ. ನೀನು ಎಚ್ಚರ ಎಂದು ಬರೆದದ್ದು ತಪ್ಪು. ಇಲ್ಲಿಗೆ ಬಂದು ನೂರು ಹೆಬ್ಬಾತು ನೋಡು, ಆಮೇಲೆ ಮಾತಾಡು.

ನೀನು ಹೊಡೆದುಹಾಕಿದ ಸಾಲನ್ನು ದೀಪಕ್ಕೆ ಹಿಡಿದು ಆವತ್ತೇ ಓದಿದ್ದೆ. ಉತ್ತರ ಕೊಡಲು ನನಗಿನ್ನೂ ಬರುತ್ತಿಲ್ಲ. ಬಂದಾಗ ಎದುರಿಗೇ ಹೇಳುತ್ತೇನೆ. ಅದರಿಂದ ಕೆಲಸ ನಿಲ್ಲಬೇಕಾಗಿಲ್ಲ.

ಹದಿಮೂರನ್ನೂ ಓದುತ್ತೇನೆಂದು ನಿಂಕೆಗೆ ಬರೆದಿದ್ದೇನೆ. ಒಂದಕ್ಕೆ ಮೂರು ವಾರವೆಂದರೆ ಫೆಬ್ರವರಿ ಕೊನೆ ಮುಟ್ಟುತ್ತದೆ. ಆ ಹುಡುಗಿಯ ನಿಯಮ ನಿನಗೂ ಗೊತ್ತು. ಕೊನೆಯ ಹಾಳೆ ಅವಳ ಕೈ ಸೇರುವ ತನಕ ನಮ್ಮಿಬ್ಬರ ನಡುವೆ ಒಂದಕ್ಷರವೂ ಇರಬಾರದು. ಒಂಬತ್ತು ತಿಂಗಳು. ನಮಗೆ ಅದಕ್ಕಿಂತ ಹೆಚ್ಚಿನದು ಅಭ್ಯಾಸವಿದೆ.

ಮುಗಿದ ವಾರ ಹಡಗು ಹತ್ತಿ ಬಾ. ಹೆಬ್ಬಾತುಗಳು ಆಗ ಇಲ್ಲೇ ಇರುತ್ತವೆ. ಬಟಾಣಿ ಸಾರು ಮಾಡಲೋ, ಮೀನು ಹುರಿಯಲೋ, ಶನಿವಾರದ ಹಡಗಿಗೆ ಸಿಗುವಂತೆ ಈಗಲೇ ಬರೆದು ತಿಳಿಸು. ಮೊದಲ ಪೆಟ್ಟಿಗೆಯನ್ನು ಸೋಮವಾರ ಬಿಚ್ಚುತ್ತೇನೆ. ಆಮೇಲೆ ನಿನ್ನ ಪತ್ರ ಬಂದರೆ ಒಡೆಯುವುದಿಲ್ಲ.

ನಿನ್ನ,
ಬೌಕ್ಯೆ